ಶ್ರೀ ಜಿ.ಎಚ್. ಕೃಂಬಿಗಲ್ (1865–1956): ಉದ್ಯಾನ ವಿನ್ಯಾಸಕಾರರ ಜೀವನ ಮತ್ತು ಸಾಧನೆ

ಸಂಕ್ಷಿಪ್ತ ಪರಿಚಯ
ಪೂರ್ಣ ಹೆಸರು: ಗುಸ್ಟಾವ್ ಹರ್ಮನ್ ಕೃಂಬಿಗಲ್
ಜನನ: 18 ಡಿಸೆಂಬರ್ 1865, ಲೋಮೆನ್, ಡ್ರೆಸ್ಡೆನ್ ಬಳಿ, ಜರ್ಮನಿ
ಬರೋಡ ಸಂಸ್ಥಾನದಲ್ಲಿ ಸೇವೆ: 1893ರಿಂದ
ಮೈಸೂರು ಸಂಸ್ಥಾನದಲ್ಲಿ ಸೇವೆ: 1908–1932
ನಿಧನ: 8 ಫೆಬ್ರವರಿ 1956, ಬೆಂಗಳೂರು

ಪೀಠಿಕೆ
ಬೆಂಗಳೂರು ಉದ್ಯಾನ ನಗರಿ ಎಂದು ಪ್ರಸಿದ್ಧವಾಗಲು ಕಾರಣರಾದವರಲ್ಲಿ ಶ್ರೀ ಕೃಂಬಿಗಲ್ ಅವರು ಪ್ರಮುಖರು. ಲಾಲ್‌ಬಾಗ್ ಉದ್ಯಾನಕ್ಕೆ 1760ರಲ್ಲಿ ಹೈದರ್ ಅಲಿಯ ಕಾಲದಲ್ಲಿ ಅಡಿಪಾಯ ಬಿದ್ದಿತು. 1856ರಲ್ಲಿ ಅದು ಸರ್ಕಾರಿ ಸಸ್ಯೋದ್ಯಾನವಾಯಿತು. ಉದ್ಯಾನದ ಆವರಣಗೋಡೆಯನ್ನು ದಾಟಿ ನಗರದ ಬೀದಿಗಳನ್ನೂ ಉದ್ಯಾನದ ಭಾಗವೆಂದೇ ಭಾವಿಸಿ ವಿನ್ಯಾಸಗೊಳಿಸಿದುದು ಕೃಂಬಿಗಲ್ ಅವರ ವಿಶೇಷತೆಯಾಗಿದೆ.

ಬಾಲ್ಯ ಮತ್ತು ಶಿಕ್ಷಣ
ಕೃಂಬಿಗಲ್ ಅವರು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಲೋಮೆನ್ ಎಂಬ ಊರಿನಲ್ಲಿ ಜನಿಸಿದರು. ಪಿಲ್ನಿಟ್ಸ್‌ನಲ್ಲಿ ತೋಟಗಾರಿಕೆಯ ತರಬೇತಿ ಪಡೆದು, ಹ್ಯಾಂಬರ್ಗ್ ಮುಂತಾದೆಡೆ ಕೆಲಸ ಮಾಡಿದರು. 1888ರಲ್ಲಿ ಇಂಗ್ಲೆಂಡಿಗೆ ತೆರಳಿ, ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಹೂವಿನ ಮಡಿಗಳನ್ನು ರೂಪಿಸುವ ಕಾರ್ಯದಲ್ಲಿ ತೊಡಗಿದರು. ತದನಂತರ ವಿಶ್ವವಿಖ್ಯಾತ ಕ್ಯೂ ಸಸ್ಯೋದ್ಯಾನದ ಸಿಬ್ಬಂದಿಯಾದರು. ಹೂಮಡಿಯ ಅಲಂಕಾರವನ್ನೂ ಸಸ್ಯಗಳ ಶಾಸ್ತ್ರೀಯ ಪರಿಚಯವನ್ನೂ ಅವರು ಹೀಗೆ ದುಡಿಯುತ್ತಲೇ ಕಲಿತರು. ಈ ಎರಡೂ ಮುಂದೆ ಅವರ ವಿನ್ಯಾಸಗಳಲ್ಲಿ ಒಂದಾಗಿ ಬೆರೆತವು.

ಭಾರತಕ್ಕೆ ಆಗಮನ
1893ರಲ್ಲಿ ಬರೋಡದ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರ ಸಂಸ್ಥಾನದ ಸೇವೆಗೆ ಸೇರಿದಾಗ ಕೃಂಬಿಗಲ್ ಅವರಿಗೆ 27 ವರ್ಷ ವಯಸ್ಸು. ಬರೋಡದ ಉದ್ಯಾನಗಳ ಹೊಣೆಯ ಜೊತೆಗೆ ಊಟಿಯಲ್ಲಿದ್ದ ಗಾಯಕವಾಡರ ನಿವಾಸದ ಉದ್ಯಾನವನ್ನೂ ಅವರು ನೋಡಿಕೊಂಡರು. ಬಯಲು ಸೀಮೆಯ ಬಿಸಿಲು ಹಾಗೂ ಮಲೆಯ ಚಳಿ, ಈ ಎರಡರಲ್ಲಿಯೂ ಗಿಡಮರಗಳ ವರ್ತನೆಯನ್ನು ಪ್ರತ್ಯಕ್ಷವಾಗಿ ಕಾಣುವ ಅವಕಾಶ ಅವರಿಗೆ ಇಲ್ಲಿ ದೊರೆಯಿತು.

ಮೈಸೂರು ಸಂಸ್ಥಾನದ ಸೇವೆ
ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಶ್ರೀ ಜಾನ್ ಕ್ಯಾಮರಾನ್ ಅವರ ನಂತರ, 1908ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಕೃಂಬಿಗಲ್ ಅವರು ಸರ್ಕಾರಿ ಉದ್ಯಾನಗಳ ಹೊಣೆಯನ್ನು ವಹಿಸಿಕೊಂಡರು. 24 ವರ್ಷಗಳ ಕಾಲ ಸೇವೆ ಸಲ್ಲಿಸಿ 1932ರಲ್ಲಿ ನಿವೃತ್ತರಾದರು. ಈ ಅವಧಿಯ ಪ್ರಮುಖ ಕಾರ್ಯಗಳು ಕೆಳಕಂಡಂತಿವೆ.

1. ವಿದೇಶಗಳ ಸಸ್ಯೋದ್ಯಾನಗಳೊಡನೆ ಬೀಜ ಹಾಗೂ ಸಸಿಗಳ ವಿನಿಮಯವನ್ನು ವಿಸ್ತರಿಸಿದುದು.
2. ತೋಟಗಾರರಿಗೆ ಕ್ರಮಬದ್ಧ ತರಬೇತಿ ನೀಡುವ ವ್ಯವಸ್ಥೆಗೆ ಲಾಲ್‌ಬಾಗಿನಲ್ಲಿ ಒತ್ತಾಸೆಯಾಗಿ ನಿಂತುದು.
3. 1912ರಲ್ಲಿ ಸ್ಥಾಪಿತವಾದ ಮೈಸೂರು ಉದ್ಯಾನ ಕಲಾ ಸಂಘಕ್ಕೆ ಚಾಲನೆ ನೀಡಿ, ಉದ್ಯಾನ ಕಲೆಯನ್ನು ಸಾರ್ವಜನಿಕರ ಹವ್ಯಾಸವನ್ನಾಗಿಸಿದುದು.
4. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಕೆಳಗೆ ನಿರ್ಮಾಣವಾದ ಬೃಂದಾವನ ಉದ್ಯಾನದ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದುದು.

ವರ್ಷವಿಡೀ ಹೂಬಿಡುವ ನಗರ
ಕೃಂಬಿಗಲ್ ಅವರ ವಿನ್ಯಾಸ ದೃಷ್ಟಿಯನ್ನು ಅರಿಯಲು ಬೀದಿಮರಗಳ ಆಯ್ಕೆಯಲ್ಲಿ ಅವರು ಅನುಸರಿಸಿದ ಸರಣಿ ಪುಷ್ಪೀಕರಣದ ತತ್ವವನ್ನು ಗಮನಿಸಬೇಕು. ಒಂದು ಜಾತಿಯ ಮರದ ಹೂವು ಉದುರುವ ವೇಳೆಗೆ ಮತ್ತೊಂದು ಜಾತಿಯು ಅರಳುವಂತೆ ಮರಗಳನ್ನು ಆರಿಸಿ ನೆಡುವುದೇ ಈ ತತ್ವ. ಬೆಂಗಳೂರಿನಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಟಬೇಬುಯಾ, ಬೇಸಿಗೆಯ ಆರಂಭದಲ್ಲಿ ಜಕರಂಡ, ಏಪ್ರಿಲ್ ಮೇ ತಿಂಗಳುಗಳಲ್ಲಿ ಕಕ್ಕೆ, ಹೊಳೆದಾಸವಾಳ ಮತ್ತು ಗುಲ್‌ಮೊಹರ್, ಮಳೆಗಾಲದ ಕೊನೆಗೆ ಆಕಾಶಮಲ್ಲಿಗೆ ಅರಳುವುದನ್ನು ಇಂದಿಗೂ ಕಾಣಬಹುದಾಗಿದೆ. ಇವೆಲ್ಲವೂ ಒಬ್ಬರ ಕಾಲದಲ್ಲಿ ನೆಟ್ಟವಲ್ಲ. ಅವರ ಹಿಂದಿನವರ ಹಾಗೂ ನಂತರದವರ ಶ್ರಮವೂ ಇದರಲ್ಲಿ ಸೇರಿದೆ.

ಇಂತಹ ವಿನ್ಯಾಸವು ಕಾಗದದ ಮೇಲೆ ಮುಗಿಯುವಂತಹುದಲ್ಲ. ಕಟ್ಟಡವು ಕಟ್ಟಿ ಮುಗಿದ ದಿನವೇ ಪೂರ್ಣಗೊಳ್ಳುತ್ತದೆ. ಸಸಿಯಾದರೋ ನೆಟ್ಟ ಹಲವು ವರ್ಷಗಳ ನಂತರವಷ್ಟೇ ನೆರಳು ನೀಡುತ್ತದೆ, ಹೂಬಿಡುತ್ತದೆ. ರಸ್ತೆಯ ಅಗಲ, ಬೇರಿನ ಹರವು, ಎಲೆ ಉದುರುವ ಕಾಲ, ನೀರಿನ ಲಭ್ಯತೆ ಇವೆಲ್ಲವನ್ನೂ ಮುಂಚಿತವಾಗಿಯೇ ಲೆಕ್ಕ ಹಾಕಬೇಕಾಗುತ್ತದೆ. ನೆಟ್ಟವರು ತಾವು ನೆಟ್ಟ ಮರದ ಪೂರ್ಣ ವೈಭವವನ್ನು ಕಾಣುವರೆಂಬ ಭರವಸೆಯಿಲ್ಲ. ಮುಂದಿನ ಪೀಳಿಗೆಯ ಪರವಾಗಿ ಮಾಡುವ ಈ ಕೆಲಸವನ್ನು ಕೃಂಬಿಗಲ್ ಅವರು ತಮ್ಮ ವೃತ್ತಿಯ ತಿರುಳಾಗಿಸಿಕೊಂಡಿದ್ದರು. ಅರಮನೆಯ ಉದ್ಯಾನವನ್ನು ಕೆಲವರು ಮಾತ್ರ ನೋಡಬಲ್ಲರು. ಬೀದಿಯ ಮರದ ನೆರಳು ಬಡವ ಬಲ್ಲಿದರೆನ್ನದೆ ಸರ್ವರಿಗೂ ದೊರೆಯುತ್ತದೆ.

ಯುದ್ಧಕಾಲದ ಸಂಕಷ್ಟ ಮತ್ತು ಕೊನೆಯ ದಿನಗಳು
ಬ್ರಿಟಿಷರ ಅಧೀನದಲ್ಲಿದ್ದ ಭಾರತದಲ್ಲಿ ಜರ್ಮನ್ ಮೂಲದವರಾಗಿದ್ದುದು ಕೃಂಬಿಗಲ್ ಅವರ ಪಾಲಿಗೆ ಸಂಕಷ್ಟವನ್ನು ತಂದೊಡ್ಡಿತು. ಮಹಾಯುದ್ಧದ ಕಾಲದಲ್ಲಿ ಶತ್ರು ರಾಷ್ಟ್ರದ ಪ್ರಜೆಯೆಂದು ಪರಿಗಣಿಸಲ್ಪಟ್ಟು ಅವರು ಬಂಧನಕ್ಕೊಳಗಾಗಬೇಕಾಯಿತು. ದಶಕಗಳ ಸೇವೆಯೂ ಅವರನ್ನು ಇದರಿಂದ ಪಾರುಮಾಡಲಿಲ್ಲ. ಆದಾಗ್ಯೂ ಅವರು ಈ ನಾಡನ್ನು ತೊರೆಯಲಿಲ್ಲ. ನಿವೃತ್ತಿಯ ನಂತರ ಉದ್ಯಾನಗಳಷ್ಟೇ ಅಲ್ಲದೆ ಕಟ್ಟಡಗಳ ವಿಷಯದಲ್ಲಿಯೂ ಸಲಹೆಗಾರರಾಗಿ ಕಾರ್ಯನಿರ್ವಹಿಸಿದರು. 1956ರಲ್ಲಿ ತಮ್ಮ 90ನೆಯ ವಯಸ್ಸಿನಲ್ಲಿ ಬೆಂಗಳೂರಿನಲ್ಲಿಯೇ ನಿಧನರಾದರು. ಅವರ ಸಮಾಧಿಯು ಹೊಸೂರು ರಸ್ತೆಯ ಕ್ರೈಸ್ತ ಸ್ಮಶಾನದಲ್ಲಿದೆ. ಲಾಲ್‌ಬಾಗ್ ಬಳಿಯ ರಸ್ತೆಯೊಂದು ಅವರ ಹೆಸರನ್ನು ಹೊಂದಿದೆ.

ಪರಂಪರೆ
ಕೃಂಬಿಗಲ್ ಅವರ ನಂತರ ಶ್ರೀ ಎಚ್.ಸಿ. ಜವರಾಯ ಅವರು ಅಧಿಕಾರ ವಹಿಸಿಕೊಂಡರು. ತದನಂತರ ಡಾ. ಎಂ.ಎಚ್. ಮರಿಗೌಡ ಅವರು ರಾಜ್ಯದ ತೋಟಗಾರಿಕೆಯನ್ನು ಹಳ್ಳಿಹಳ್ಳಿಗೂ ಕೊಂಡೊಯ್ದರು. ಒಬ್ಬರು ಆರಂಭಿಸಿದುದನ್ನು ಮತ್ತೊಬ್ಬರು ಮುಂದುವರೆಸಿದುದರಿಂದಲೇ ಈ ಪರಂಪರೆ ಉಳಿದು ಬಂದಿದೆ.

ಸಾರ್ವಜನಿಕರ ಗಮನಕ್ಕೆ
ಬೀದಿಯ ಒಂದು ಮರವು ಇಲ್ಲವಾದಾಗ ನೆರಳು ಮಾತ್ರವಲ್ಲ, ವರ್ಷದ ಹೂವಿನ ಸರಣಿಯಲ್ಲಿ ಒಂದು ಕೊಂಡಿಯೂ ಕಳಚುತ್ತದೆ. ಅಪಾಯಕಾರಿ ಮರ ಅಥವಾ ಕಟ್ಟಡ ನಿರ್ಮಾಣದ ಕಾರಣದಿಂದ ಮರ ಕಡಿಯಲು ಇಚ್ಛಿಸುವ ನಾಗರಿಕರು ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಸಂಬಂಧಪಟ್ಟ ವೃಕ್ಷ ಅಧಿಕಾರಿಯವರಿಗೆ ಅರ್ಜಿ ಸಲ್ಲಿಸಿ ಅನುಮತಿ ಪಡೆಯುವುದು. ಅರ್ಜಿ ಸಲ್ಲಿಸುವ ಮುನ್ನ, ಕೊಂಬೆ ಸವರುವುದರಿಂದಲೇ ತೊಂದರೆ ನಿವಾರಣೆಯಾಗಬಹುದೇ ಎಂಬುದನ್ನು ಪರಿಶೀಲಿಸುವುದು. ತೆರವಾದ ಸ್ಥಳದಲ್ಲಿ ಸಸಿ ನೆಡುವಾಗ ಆ ಬೀದಿಯಲ್ಲಿ ಯಾವ ತಿಂಗಳು ಯಾವ ಹೂವು ಅರಳುತ್ತಿದೆ ಎಂಬುದನ್ನು ನೋಡಿ ಸಸಿಯನ್ನು ಆರಿಸಿಕೊಂಡಲ್ಲಿ, ಕೃಂಬಿಗಲ್ ಅವರ ಕಾರ್ಯವನ್ನು ಮುಂದುವರೆಸಿದಂತಾಗುತ್ತದೆ.