ಬೀಗ ಹಾಕಿದ ಬಾಗಿಲು ಮತ್ತು ಫ್ರಾನ್ಸೆಸ್ ಪರ್ಕಿನ್ಸ್

ನಮ್ಮಲ್ಲಿ ತುಂಬಾ ಜನ ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಇದ್ದೀವಿ. ರೂಮ್ ನೋಡೋಕೆ ಹೋದಾಗ ನಾವು ಕೇಳೋದು ಏನು? ವೈಫೈ ಇದೆಯಾ, ಬಿಸಿನೀರು ಎಷ್ಟು ಗಂಟೆವರೆಗೆ ಬರುತ್ತೆ, ಅಡ್ವಾನ್ಸ್ ಎಷ್ಟು, ಭಾನುವಾರ ಚಿಕನ್ ಉಂಟಾ ಇಲ್ವಾ. ಬೆಂಕಿ ಬಿದ್ದರೆ ಯಾವ ಕಡೆ ಓಡಬೇಕು ಅಂತ ನಾವ್ಯಾರೂ ಕೇಳಿದ ನೆನಪಿಲ್ಲ. ನ್ಯೂಯಾರ್ಕ್ ನಗರದ ಬಾಡಿಗೆ ಕಟ್ಟಡಗಳಲ್ಲಿ, ಮಹಡಿಯಿಂದ ಮಹಡಿಗೆ ಹತ್ತಿ ಇಳಿದು, ಇದೇ ಪ್ರಶ್ನೆ ಕೇಳಿದ ಒಬ್ಬ ಹೆಣ್ಣುಮಗಳ ಕಥೆ ಇದು. ಅವರ ಹೆಸರು ಫ್ರಾನ್ಸೆಸ್ ಪರ್ಕಿನ್ಸ್. ಅಮೆರಿಕದ ಮೊದಲ ಮಹಿಳಾ ಮಂತ್ರಿ ಅಂತ ಕ್ವಿಝ್ ಪುಸ್ತಕಗಳಲ್ಲಿ ಅವರ ಹೆಸರು ಬರುತ್ತೆ. ನಮಗೆ ಹಿಡಿಸಿದ್ದು ಅದಕ್ಕಿಂತ ಹಿಂದಿನ ಭಾಗ.

ಪರ್ಕಿನ್ಸ್ ಹುಟ್ಟಿದ್ದು 1880ರ ಏಪ್ರಿಲ್ 10ರಂದು, ಬಾಸ್ಟನ್‌ನಲ್ಲಿ. ಬೆಳೆದದ್ದು ವೂಸ್ಟರ್ ಅನ್ನೋ ಊರಲ್ಲಿ. ಅಪ್ಪನಿಗೆ ಸ್ಟೇಷನರಿ ಅಂಗಡಿ ಇತ್ತು. ಮೌಂಟ್ ಹೋಲಿಯೋಕ್ ಕಾಲೇಜಿನಲ್ಲಿ ಅವರು ಓದಿದ ಮುಖ್ಯ ವಿಷಯ ಭೌತಶಾಸ್ತ್ರ. ಅಂದರೆ ಸ್ವಲ್ಪ ಮಟ್ಟಿಗೆ ನಮ್ಮ ಕಡೆಯವರೇ! ಅಲ್ಲಿ ಆರ್ಥಿಕ ಚರಿತ್ರೆ ಕಲಿಸುತ್ತಿದ್ದ ಒಬ್ಬ ಅಧ್ಯಾಪಕಿ ವಿದ್ಯಾರ್ಥಿನಿಯರನ್ನ ಹತ್ತಿರದ ಕಾರ್ಖಾನೆಗಳಿಗೆ ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಇಂಡಸ್ಟ್ರಿಯಲ್ ವಿಸಿಟ್ ಥರ ಬಸ್ಸಲ್ಲಿ ಹಾಡು ಹೇಳಿಕೊಂಡು ಹೋಗಿ, ಗೇಟ್ ಮುಂದೆ ಫೋಟೋ ತೆಗೆಸಿಕೊಂಡು ಬರೋದಲ್ಲ. ಒಳಗೆ ಕೆಲಸ ಮಾಡೋರು ಹೇಗಿದ್ದಾರೆ ಅಂತ ನೋಡಿ ಬರಬೇಕಿತ್ತು. ನೋಡುವ ಅಭ್ಯಾಸ ಅವರಿಗೆ ಅಲ್ಲೇ ಹತ್ತಿತು.

1902ರಲ್ಲಿ ಪದವಿ ಮುಗಿಯಿತು. ಕೆಲವು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದರು, ಶಿಕಾಗೋದ ಹಲ್ ಹೌಸ್‌ನಲ್ಲಿ ಬಡ ವಲಸಿಗರ ನಡುವೆ ಕೆಲಸ ಮಾಡಿದರು. 1910ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದಿಂದ ಎಂಎ ಪಡೆದು ನ್ಯೂಯಾರ್ಕ್ ಕನ್ಸ್ಯೂಮರ್ಸ್ ಲೀಗ್ ಸಂಸ್ಥೆಯ ಕಾರ್ಯದರ್ಶಿಯಾದರು. ನೆಲಮಾಳಿಗೆಯ ಬೇಕರಿಗಳಲ್ಲಿ ಎಷ್ಟು ಕೊಳಕಿದೆ, ಕಾರ್ಖಾನೆಗಳಲ್ಲಿ ಬೆಂಕಿಯ ಅಪಾಯ ಎಷ್ಟಿದೆ ಅಂತ ಹೋಗಿ ನೋಡಿ ಬರೆಯುವುದು ಅವರ ಕೆಲಸ.

ಆಮೇಲೆ ಬಂದದ್ದು 1911ರ ಮಾರ್ಚ್ 25, ಶನಿವಾರ.

ಅವತ್ತು ಸಂಜೆ ಅವರು ವಾಷಿಂಗ್ಟನ್ ಸ್ಕ್ವೇರ್ ಹತ್ತಿರ ಪರಿಚಯದವರ ಮನೆಗೆ ಟೀಗೆ ಹೋಗಿದ್ದರು. ಹೊರಗೆ ಅಗ್ನಿಶಾಮಕ ಗಾಡಿಗಳ ಸದ್ದು, ಜನರ ಕೂಗು. ಎಲ್ಲರೂ ಎದ್ದು ಓಡಿದರು. ಚೌಕದ ಆಚೆ ಬದಿಯಲ್ಲಿ ಆಶ್ ಬಿಲ್ಡಿಂಗ್ ಅನ್ನೋ 10 ಮಹಡಿಯ ಕಟ್ಟಡ. ಅದರ ಮೇಲಿನ 3 ಮಹಡಿಗಳನ್ನ ಟ್ರಯಾಂಗಲ್ ಅನ್ನೋ ಬ್ಲೌಸ್ ಹೊಲಿಯುವ ಕಂಪನಿ ಬಾಡಿಗೆಗೆ ಹಿಡಿದಿತ್ತು. 8ನೇ ಮಹಡಿಯ ಚಿಂದಿ ಬಟ್ಟೆ ಡಬ್ಬದಲ್ಲಿ ಬೆಂಕಿ ಹತ್ತಿಕೊಂಡಿತ್ತು. 10ನೇ ಮಹಡಿಯಲ್ಲಿದ್ದವರಿಗೆ ಫೋನ್ ಮಾಡಿ ತಿಳಿಸಿದರು. 9ನೇ ಮಹಡಿಗೆ ಸುದ್ದಿಯೇ ಮುಟ್ಟಲಿಲ್ಲ. ಅಲ್ಲಿಗೆ ಮೊದಲು ಬಂದದ್ದು ಬೆಂಕಿಯೇ.

9ನೇ ಮಹಡಿಯಲ್ಲಿ ಎರಡು ಮೆಟ್ಟಿಲ ದಾರಿ ಇದ್ದವು. ಒಂದು ಕಡೆ ಬೆಂಕಿ. ಇನ್ನೊಂದು ಕಡೆಯ ಬಾಗಿಲಿಗೆ ಬೀಗ. ಕೆಲಸದ ಹುಡುಗಿಯರು ಬಟ್ಟೆ ಕದ್ದು ಹೋಗಬಾರದು, ಸಂಜೆ ಎಲ್ಲರೂ ಒಂದೇ ಬಾಗಿಲಲ್ಲಿ ಬ್ಯಾಗ್ ತೋರಿಸಿ ಹೋಗಬೇಕು, ಅದಕ್ಕೆ ಬೀಗ. ಹಿಂದುಗಡೆ ಇದ್ದ ಕಬ್ಬಿಣದ ಫೈರ್ ಎಸ್ಕೇಪ್ ಜನರ ಭಾರಕ್ಕೆ ಕುಸಿದು ಬಿತ್ತು. ಅಗ್ನಿಶಾಮಕ ದಳದ ಏಣಿ 6ನೇ ಮಹಡಿವರೆಗೆ ಮಾತ್ರ ಮುಟ್ಟುತ್ತಿತ್ತು. ಹುಡುಗಿಯರು ಕಿಟಕಿಗಳಿಂದ ಹಾರಿದರು. ಪರ್ಕಿನ್ಸ್ ಕೆಳಗೆ ಬೀದಿಯಲ್ಲಿ ನಿಂತು ಅದನ್ನ ನೋಡಿದರು. ಏನೂ ಮಾಡುವ ಹಾಗಿರಲಿಲ್ಲ. ಅರ್ಧ ಗಂಟೆಯೂ ಹಿಡಿಯಲಿಲ್ಲ, 146 ಜನ ಸತ್ತರು. ಅವರಲ್ಲಿ 123 ಮಂದಿ ಹೆಂಗಸರು ಮತ್ತು ಹುಡುಗಿಯರು. ಹೆಚ್ಚಿನವರು ಇಟಲಿಯಿಂದ, ಪೂರ್ವ ಯುರೋಪಿನಿಂದ ಬಂದ ವಲಸಿಗರು, ಎಷ್ಟೋ ಜನ ನಮ್ಮದೇ ವಯಸ್ಸಿನವರು.

ಬದುಕಿದವರ ಕಥೆಯನ್ನೂ ಹೇಳಬೇಕು. ಬೀಗ ಇಲ್ಲದ ಮೆಟ್ಟಿಲು ಟೆರೇಸಿಗೆ ಹೋಗುತ್ತಿತ್ತು. ಬೇಗ ಮೇಲೆ ಹತ್ತಿದವರು ಉಳಿದರು. ಪಕ್ಕದಲ್ಲೇ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕಟ್ಟಡ. ಅಲ್ಲಿ ಕ್ಲಾಸಲ್ಲಿದ್ದ ಕಾನೂನು ವಿದ್ಯಾರ್ಥಿಗಳು ತಮ್ಮ ಟೆರೇಸಿನಿಂದ ಏಣಿ ಇಟ್ಟು ಅವರನ್ನ ಈಚೆ ಎಳೆದುಕೊಂಡರು.

ಇಂಜಿನಿಯರಿಂಗ್ ಓದುವ ನಮಗೆ ಇನ್ನೂ ಚುಚ್ಚುವ ವಿಷಯ ಒಂದಿದೆ. ಆಶ್ ಬಿಲ್ಡಿಂಗ್ ಬೆಂಕಿ ತಡೆಯುವ ಕಟ್ಟಡ ಅಂತಲೇ ಹೆಸರಾಗಿತ್ತು. ಮತ್ತೆ ಅದು ಸುಳ್ಳೂ ಅಲ್ಲ. ಗೋಡೆ, ಕಂಬ, ನೆಲ ಎಲ್ಲ ನಿಂತೇ ಇದ್ದವು. ಆ ಕಟ್ಟಡ ಇವತ್ತಿಗೂ ಇದೆ, ಅದೇ ವಿಶ್ವವಿದ್ಯಾಲಯದ ವಿಜ್ಞಾನ ವಿಭಾಗಗಳು ಅದರಲ್ಲಿವೆ. ಕಟ್ಟಡ ಪಾಸಾಯ್ತು, ಒಳಗಿದ್ದ ಜನ ಹೋದರು. ಹಾಗಾದರೆ ಅಲ್ಲಿಯವರೆಗೆ ಎಲ್ಲರೂ ಲೆಕ್ಕ ಹಾಕುತ್ತಿದ್ದದ್ದು ಏನನ್ನ? ಇಟ್ಟಿಗೆಯನ್ನ. ಇಷ್ಟು ಜನ ಇಷ್ಟು ಅಗಲದ ಮೆಟ್ಟಿಲಲ್ಲಿ ಎಷ್ಟು ನಿಮಿಷಕ್ಕೆ ಹೊರಗೆ ಬರ್ತಾರೆ ಅನ್ನೋ ಲೆಕ್ಕ ಯಾರೂ ಹಾಕಿರಲಿಲ್ಲ.

ಪರ್ಕಿನ್ಸ್ ಕೆಲಸ ಅಲ್ಲಿಂದ ಮುಂದೆ ಈ ಲೆಕ್ಕದ ಸುತ್ತ ತಿರುಗಿತು. ಊರಿನ ಪ್ರಮುಖರು ಸೇರಿ ಸುರಕ್ಷತಾ ಸಮಿತಿಯೊಂದನ್ನ ಮಾಡಿದರು. ಮಾಜಿ ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಶಿಫಾರಸಿನ ಮೇಲೆ ಪರ್ಕಿನ್ಸ್ ಅದರ ಕಾರ್ಯದರ್ಶಿಯಾದರು. ರಾಜ್ಯ ಸರ್ಕಾರವೂ 1911ರಲ್ಲೇ ಕಾರ್ಖಾನೆ ತನಿಖಾ ಆಯೋಗ ರಚಿಸಿತು. ರಾಬರ್ಟ್ ವ್ಯಾಗ್ನರ್ ಅಧ್ಯಕ್ಷರು, ಆಲ್ ಸ್ಮಿತ್ ಉಪಾಧ್ಯಕ್ಷರು. ಇಬ್ಬರೂ ರಾಜಕಾರಣಿಗಳು. ವರದಿ ಕೊಟ್ಟರೆ ಇವರು ಓದಿ ಪಕ್ಕಕ್ಕಿಡುತ್ತಾರೆ ಅಂತ ಪರ್ಕಿನ್ಸ್‌ಗೆ ಗೊತ್ತಿತ್ತು. ಹಾಗಾಗಿ ಅವರನ್ನೇ ಕರೆದುಕೊಂಡು ಹೊರಟರು. ಒಂದು ಕಡೆ ಗೋಡೆಯಲ್ಲಿ ಸಣ್ಣ ಕಿಂಡಿ, ಅದರ ಆಚೆ ಹಿಮ ಕಟ್ಟಿದ ಏಣಿ, ಅದೂ ನೆಲದಿಂದ 12 ಅಡಿ ಮೇಲೇ ಮುಗಿದುಹೋಗುತ್ತೆ. ಇದಕ್ಕೆ ಫೈರ್ ಎಸ್ಕೇಪ್ ಅಂತ ಹೆಸರು! ಪರ್ಕಿನ್ಸ್ ಆ ಕಿಂಡಿಯಲ್ಲಿ ಸ್ವತಃ ವ್ಯಾಗ್ನರ್ ಅವರನ್ನೇ ತೂರಿಸಿ ತೋರಿಸಿದರು. ಆಮೇಲೆ ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ಮೊದಲ ವರ್ಷದಲ್ಲೇ ಆಯೋಗ 1,836 ಕಡೆ ತಪಾಸಣೆ ಮಾಡಿ, 222 ಜನರ ಸಾಕ್ಷ್ಯ ಕೇಳಿತು. ಅದರಿಂದ ಸುಮಾರು 3 ವರ್ಷದಲ್ಲಿ 30ಕ್ಕೂ ಹೆಚ್ಚು ಕಾನೂನು ಬಂದವು. ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕಬಾರದು. ಆದಷ್ಟೂ ಬಾಗಿಲು ಹೊರಗಡೆಗೆ ತೆರೆಯಬೇಕು. ಎತ್ತರದ ಕಾರ್ಖಾನೆಗಳಲ್ಲಿ ಸ್ಪ್ರಿಂಕ್ಲರ್ ಇರಬೇಕು, ಫೈರ್ ಡ್ರಿಲ್ ನಡೆಯಬೇಕು. ಒಂದು ಮಹಡಿಯಲ್ಲಿ ಎಷ್ಟು ಜನ ಇರಬಹುದು ಅನ್ನೋದನ್ನ ಹೊರಹೋಗುವ ದಾರಿ ನೋಡಿ ನಿಗದಿ ಮಾಡಬೇಕು.

ಕಾನೂನು ಬಂದರೆ ಎಲ್ಲ ಸರಿಹೋಗುತ್ತಾ? ಟ್ರಯಾಂಗಲ್ ಮಾಲೀಕರಿಬ್ಬರು ಕೋರ್ಟಿನಲ್ಲಿ ಖುಲಾಸೆಯಾದರು. ಬಾಗಿಲಿಗೆ ಬೀಗ ಹಾಕಿದ್ದು ತಮಗೆ ಗೊತ್ತಿತ್ತು ಅಂತ ಸಾಬೀತಾಗಲಿಲ್ಲ. 1913ರಲ್ಲಿ ಅವರಲ್ಲೊಬ್ಬ ತನ್ನ ಹೊಸ ಕಾರ್ಖಾನೆಯಲ್ಲಿ ಮತ್ತೆ ಬಾಗಿಲಿಗೆ ಬೀಗ ಹಾಕಿ ಸಿಕ್ಕಿಬಿದ್ದ. ದಂಡ 20 ಡಾಲರ್. ಓದಿದಾಗ ನಮಗೆ ಸಿಟ್ಟು ಬಂತು. ಹೋಗಿ ನೋಡುವವರು ಇಲ್ಲದಿದ್ದರೆ ಕಾನೂನು ಬರೀ ಕಾಗದ.

ಪರ್ಕಿನ್ಸ್ ನೋಡುವುದನ್ನ ಬಿಡಲಿಲ್ಲ. 1919ರಲ್ಲಿ ಗವರ್ನರ್ ಆಗಿದ್ದ ಅದೇ ಆಲ್ ಸ್ಮಿತ್ ಅವರನ್ನ ರಾಜ್ಯದ ಕೈಗಾರಿಕಾ ಆಯೋಗಕ್ಕೆ ಸೇರಿಸಿದರು. 1929ರಲ್ಲಿ ಇಡೀ ರಾಜ್ಯದ ಕಾರ್ಮಿಕ ಇಲಾಖೆ ಅವರ ಕೈಗೆ ಬಂತು. 1933ರಿಂದ 1945ರವರೆಗೆ ದೇಶದ ಕಾರ್ಮಿಕ ಮಂತ್ರಿ. ಮನೆಯಲ್ಲಿ ಗಂಡನಿಗೆ ವರ್ಷಗಟ್ಟಲೆ ಮಾನಸಿಕ ಕಾಯಿಲೆ, ಮನೆ ನಡೆಸುವ ಭಾರವೂ ಅವರದೇ. 1935ರ ಸಾಮಾಜಿಕ ಭದ್ರತಾ ಕಾಯ್ದೆ, ಕನಿಷ್ಠ ಕೂಲಿ ತಂದ 1938ರ ಕಾಯ್ದೆ, ಎರಡರ ಹಿಂದೆಯೂ ಅವರ ದುಡಿಮೆ ಇದೆ. ಇದಕ್ಕೆಲ್ಲ ಬೀಜ ಬಿದ್ದದ್ದು ಆ ಮಾರ್ಚ್ ಸಂಜೆಯಲ್ಲೇ ಅಂತ ಅವರು ಕೊನೆವರೆಗೂ ನಂಬಿದ್ದರು. ವಯಸ್ಸಾದ ಮೇಲೂ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. 1965ರ ಮೇ 14ರಂದು, 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಇದೆಲ್ಲ ಅಮೆರಿಕದ ಹಳೇ ಕಥೆ ಅನ್ನಿಸಿದರೆ, 2010ರ ಫೆಬ್ರವರಿ 23 ನೆನಪಿಸಿಕೊಳ್ಳಿ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಅನ್ನೋ ಆಫೀಸ್ ಕಟ್ಟಡದಲ್ಲಿ ಬೆಂಕಿ, ಮೇಲಿನ ಮಹಡಿಗಳಿಗೆಲ್ಲ ಹೊಗೆ. 9 ಜನ ಸತ್ತರು. ಅಲ್ಲೂ ಕೆಲವರು ಕಿಟಕಿಯಿಂದ ಹಾರಿದ್ದರು.

ಈ ಲೇಖನಕ್ಕಾಗಿ ಓದ್ತಾ ಇದ್ದಾಗ ನಾವು ನಾಲ್ಕು ಜನ ಒಂದು ರಾತ್ರಿ ನಮ್ಮ ಪಿಜಿಯನ್ನೇ ಸುತ್ತಿ ನೋಡಿದೆವು. 4 ಮಹಡಿ, ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗೆ ಕರೆಂಟ್ ಮೀಟರ್‌ಗಳು, ಅದಕ್ಕೆ ತಾಗಿಕೊಂಡು 6 ಬೈಕ್. ಕಿಟಕಿಗೆಲ್ಲ ಗ್ರಿಲ್. ಟೆರೇಸ್ ಬಾಗಿಲಿಗೆ ಬೀಗ, ಕೀ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಓನರ್ ಅಂಕಲ್‌ನ ಕೇಳಿದರೆ, ಹುಡುಗರು ಮೇಲೆ ಹೋಗಿ ಸಿಗರೇಟ್ ಸೇದುತ್ತಾರೆ, ಅದಕ್ಕೆ ಬೀಗ ಅಂದರು. ಅವರು ಕೆಟ್ಟವರಲ್ಲ, ಜ್ವರ ಬಂದಾಗ ಗಂಜಿ ಕಳಿಸುವ ಮನುಷ್ಯ. ಆದರೆ ಬೀಗಕ್ಕೆ ಯಾವಾಗಲೂ ಒಂದು ಒಳ್ಳೆ ಕಾರಣ ಇರುತ್ತೆ. ಅಲ್ಲಿ ಬಟ್ಟೆ ಕಳ್ಳತನ, ಇಲ್ಲಿ ಸಿಗರೇಟ್.

ನಾವು ಅಂಕಲ್‌ಗೆ ಆಶ್ ಬಿಲ್ಡಿಂಗ್ ಕಥೆ ಪೂರ್ತಿ ಹೇಳಿದೆವು. ಸುಮ್ಮನೆ ಕೇಳಿಸಿಕೊಂಡರು. ಮಾರನೇ ದಿನ ಬೀಗ ತೆಗೆಸಿ, ಒಳಗಿನಿಂದ ಚಿಲಕ ಹಾಕಿಸಿದರು. ಬೈಕ್‌ಗಳು ಮಾತ್ರ ಇನ್ನೂ ಮೀಟರ್ ಪಕ್ಕದಲ್ಲೇ ಇವೆ. ಅದರಲ್ಲಿ ಎರಡು ನಮ್ಮವೇ. ಈ ವಾರ ಅವನ್ನ ಹೊರಗೆ ನಿಲ್ಲಿಸೋಕೆ ಶುರು ಮಾಡಿದ್ದೀವಿ. ನೀವೂ ಇವತ್ತು ಊಟಕ್ಕೆ ಮುಂಚೆ ಒಂದು ಸಲ ನಿಮ್ಮ ಮೆಟ್ಟಿಲು ಹತ್ತಿ, ಟೆರೇಸ್ ಬಾಗಿಲು ತಳ್ಳಿ ನೋಡಿ.