ನ್ಯಾನೋ ಲೋಕಕ್ಕೆ ಕಣ್ಣು ಕೊಟ್ಟ ಸರ್ ಸಿ.ವಿ. ರಾಮನ್

ನಿಡಸೋಸಿ: ಹುಕ್ಕೇರಿ ತಾಲೂಕಿನ ನಿಡಸೋಸಿಯ ತಾಂತ್ರಿಕ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಗೆ ನ್ಯಾನೋ ಎಂಬುದು ಪಠ್ಯದ ಶಬ್ದ. ಸುತ್ತಲಿನ ಕಬ್ಬು ಬೆಳೆಗಾರರಿಗೆ ಅದು 2021ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋ ಯೂರಿಯಾ ಬಾಟಲಿಯ ಮೇಲಿನ ಹೆಸರು. ಒಂದು ಮೀಟರನ್ನು ನೂರು ಕೋಟಿ ಭಾಗ ಮಾಡಿದರೆ ಅದರಲ್ಲಿ ಒಂದು ಭಾಗವೇ ನ್ಯಾನೋಮೀಟರ್. ಇಂತಹ ಸೂಕ್ಷ್ಮ ಸಂಶೋಧನೆಗೆ ಹಣ ಒದಗಿಸುವಾಗ, ಬೇಗನೆ ಮಾರಾಟಕ್ಕೆ ಬರುವ ಉತ್ಪನ್ನಕ್ಕೆ ಆದ್ಯತೆ ನೀಡಬೇಕೋ, ಫಲದ ಕಾಲವನ್ನೇ ಹೇಳಲಾಗದ ಮೂಲ ಸಂಶೋಧನೆಗೆ ನೀಡಬೇಕೋ ಎಂಬ ಚರ್ಚೆ ಇದ್ದೇ ಇದೆ. ಅಂತಹುದೇ ಚರ್ಚೆಯ ಬಿಸಿಯನ್ನು ಒಂಬತ್ತು ದಶಕಗಳ ಹಿಂದೆ ಬೆಂಗಳೂರಿನಲ್ಲಿ ಅನುಭವಿಸಿದವರು ಸರ್ ಚಂದ್ರಶೇಖರ ವೆಂಕಟರಾಮನ್.

ಲೆಕ್ಕಪತ್ರದಿಂದ ಬೆಳಕಿನೆಡೆಗೆ

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಮುಗಿಸಿ 1907ರಲ್ಲಿ ಕಲಕತ್ತೆಯಲ್ಲಿ ಸರಕಾರದ ಹಣಕಾಸು ಸೇವೆಗೆ ಸೇರಿದರು. ಕಚೇರಿಗೆ ಮುನ್ನ ಬೆಳಗಿನಲ್ಲಿ, ಕಚೇರಿಯ ನಂತರ ಸಂಜೆ ಅಲ್ಲಿನ ವಿಜ್ಞಾನ ಸಂಘದ ಪ್ರಯೋಗಾಲಯದಲ್ಲಿ ದುಡಿದರು. 1917ರಲ್ಲಿ ಹೆಚ್ಚಿನ ಸಂಬಳದ ಹುದ್ದೆಯನ್ನು ತೊರೆದು ಕಲಕತ್ತಾ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

1921ರ ಸಮುದ್ರಯಾನದಲ್ಲಿ ಮೆಡಿಟರೇನಿಯನ್ ನೀರಿನ ಗಾಢ ನೀಲಿ ಅವರನ್ನು ಸೆಳೆಯಿತು. ನೀರಿನ ಅಣುಗಳು ಬೆಳಕನ್ನು ಚದುರಿಸುವುದೂ ಇದಕ್ಕೆ ಕಾರಣವೆಂದು ತೋರಿಸಿದ ಅವರು ಆ ಜಾಡನ್ನು ಏಳು ವರ್ಷ ಬಿಡಲಿಲ್ಲ. 1928ರ ಫೆಬ್ರುವರಿ 28ರಂದು, ಕೆ.ಎಸ್. ಕೃಷ್ಣನ್ ಅವರ ಸಹಯೋಗದಲ್ಲಿ, ಅಣುಗಳಿಂದ ಚದುರಿದ ಬೆಳಕಿನ ಅತ್ಯಲ್ಪ ಅಂಶ ಬಣ್ಣ ಬದಲಿಸಿಕೊಳ್ಳುವುದನ್ನು ಕಂಡುಹಿಡಿದರು. ಬದಲಾವಣೆಯ ಪ್ರಮಾಣ ಆಯಾ ಅಣುವಿನ ಗುರುತು ಹೇಳುತ್ತಿತ್ತು. 1930ರಲ್ಲಿ ನೊಬೆಲ್ ಪ್ರಶಸ್ತಿ ಒಲಿಯಿತು.

ಬೆಂಗಳೂರಿನ ಸಂಘರ್ಷ

1933ರಲ್ಲಿ ರಾಮನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಕೈಗಾರಿಕೆಗೆ ನೆರವಾಗುವ ಸಂಶೋಧನೆ ಆ ಸಂಸ್ಥೆಯ ಹೆಮ್ಮೆಯಾಗಿತ್ತು. ಮೊದಲ ಮಹಾಯುದ್ಧದಿಂದ ಶ್ರೀಗಂಧದ ರಫ್ತು ನಿಂತಾಗ ಎಣ್ಣೆ ತೆಗೆಯುವ ವಿಧಾನ ರೂಪಿಸಿ ಮೈಸೂರು ಸಂಸ್ಥಾನಕ್ಕೆ ಆಸರೆಯಾದವರು ಅಲ್ಲಿನ ರಸಾಯನಶಾಸ್ತ್ರಜ್ಞರೇ.

ಅಂತಹ ಸ್ಥಳದಲ್ಲಿ ರಾಮನ್ ಭೌತಶಾಸ್ತ್ರ ವಿಭಾಗ ತೆರೆದರು. ಜರ್ಮನಿ ತೊರೆದಿದ್ದ ಮ್ಯಾಕ್ಸ್ ಬಾರ್ನ್ ಅವರನ್ನು ಕರೆಸಿ, ಇಲ್ಲಿಯೇ ಉಳಿಸಿಕೊಳ್ಳಲು ಯತ್ನಿಸಿದರು. ಇತರ ವಿಭಾಗಗಳ, ವಿಶೇಷವಾಗಿ ರಸಾಯನಶಾಸ್ತ್ರದ ಹಣ ಭೌತಶಾಸ್ತ್ರಕ್ಕೆ ಹರಿಯುತ್ತಿದೆ ಎಂಬ ದೂರು ಎದ್ದಿತು. ದೂರಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ರಾಮನ್ ಅವರ ನಿಷ್ಠುರ ಸ್ವಭಾವವೂ ವಿರೋಧವನ್ನು ಹೆಚ್ಚಿಸಿತು. 1936ರಲ್ಲಿ ಸರ್ ಜೇಮ್ಸ್ ಅರ್ವಿನ್ ಅಧ್ಯಕ್ಷತೆಯ ಸಮಿತಿ ಪರಿಶೀಲನೆ ನಡೆಸಿತು. ಮರುವರ್ಷ ರಾಮನ್ ನಿರ್ದೇಶಕ ಸ್ಥಾನ ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಮುಂದುವರಿದರು.

ಬಳಿಕ ಮೈಸೂರು ಮಹಾರಾಜರು ನೀಡಿದ್ದ ಜಾಗದಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ನಡೆಸಿದರು. ಸರಕಾರದ ಅನುದಾನ ಬಂದರೆ ಸ್ವಾತಂತ್ರ್ಯ ಹೋಗುತ್ತದೆಂದು ಅದನ್ನು ದೂರವಿಟ್ಟು, ದಾನಿಗಳ ಬಾಗಿಲು ತಟ್ಟಿದರು. 1954ರಲ್ಲಿ ಭಾರತರತ್ನ ಬಂದರೂ ಆ ನಿಲುವು ಸಡಿಲಲಿಲ್ಲ.

ಮರಣಾನಂತರ ಬಂದ ಬೆಳೆ

ಇತ್ತ ರಾಮನ್ ಪರಿಣಾಮವೂ ಏಳುಬೀಳು ಕಂಡಿತು. 1930ರ ದಶಕದಲ್ಲಿ ರಸಾಯನಶಾಸ್ತ್ರಜ್ಞರು ಅದನ್ನು ಉತ್ಸಾಹದಿಂದ ಬಳಸಿದರು. ಆದರೆ ಬೆಳಕು ತೀರ ಕ್ಷೀಣವಾಗಿದ್ದು, ಛಾಯಾಚಿತ್ರ ಫಲಕದ ಮೇಲೆ ಮೂಡಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಸುಲಭ ಉಪಕರಣಗಳು ಬಂದಂತೆ ಈ ವಿಧಾನ ಹಿಂದೆ ಸರಿಯಿತು. ಅಂದಿನ ಲಾಭವನ್ನಷ್ಟೇ ಎಣಿಸಿದ್ದರೆ ಅದನ್ನು ಕೈಬಿಡುವುದೇ ಜಾಣತನವೆನಿಸುತ್ತಿತ್ತು.

1960ರಲ್ಲಿ ಲೇಸರ್ ಬಂದ ಮೇಲೆ ವಿಧಾನಕ್ಕೆ ಮರುಜೀವ ದೊರೆಯಿತು. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಜ್ಞಾನಿಗಳು ಒರಟಾಗಿಸಿದ ಬೆಳ್ಳಿಯ ಮೇಲೆ ಅಣುಗಳ ರಾಮನ್ ಬೆಳಕು ಅಸಾಧಾರಣ ಪ್ರಬಲವಾಗಿರುವುದನ್ನು ಕಂಡರು. ಬೆಳ್ಳಿಯ ಮೇಲ್ಮೈಯ ನ್ಯಾನೋ ಗಾತ್ರದ ಉಬ್ಬುತಗ್ಗುಗಳು ಅದನ್ನು ಲಕ್ಷಾಂತರ ಪಟ್ಟು ಹೆಚ್ಚಿಸುತ್ತವೆ ಎಂಬುದು ಮುಂದೆ ಸ್ಪಷ್ಟವಾಯಿತು. ಇಂದು ಗ್ರಾಫೀನ್ ಹಾಳೆಯಲ್ಲಿ ಎಷ್ಟು ಪದರಗಳಿವೆ, ಇಂಗಾಲದ ನ್ಯಾನೋ ಕೊಳವೆಯ ವ್ಯಾಸವೆಷ್ಟು ಎಂಬುದನ್ನು ತಿಳಿಯಲು ಪ್ರಯೋಗಾಲಯಗಳು ರಾಮನ್ ಬೆಳಕನ್ನೇ ಆಶ್ರಯಿಸುತ್ತವೆ.

ನ್ಯಾನೋ ಲೋಕದ ಈ ಬಳಕೆಗಳನ್ನು ಕಾಣುವ ಮುನ್ನವೇ, 1970ರ ನವೆಂಬರ್ 21ರಂದು ರಾಮನ್ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಕ್ರಿಯೆ ನಡೆದು, ಅಲ್ಲೊಂದು ಮರ ನೆಡಲಾಯಿತು. ಅವರು ದೂರವಿಟ್ಟಿದ್ದ ಸರಕಾರದ ಅನುದಾನ 1972ರಿಂದ ಆ ಸಂಸ್ಥೆಗೆ ಬರತೊಡಗಿತು. ಗಂಧದ ಎಣ್ಣೆ ಕೆಲವೇ ವರ್ಷಗಳಲ್ಲಿ ನಾಡಿಗೆ ಆದಾಯ ತಂದಿತು. ಮೆಡಿಟರೇನಿಯನ್ ನೀಲಿಯಿಂದ ಹೊರಟ ಪ್ರಶ್ನೆ ನ್ಯಾನೋ ಪ್ರಯೋಗಾಲಯ ತಲುಪಲು ಅರ್ಧ ಶತಮಾನ ಹಿಡಿಯಿತು. ನಾಡಿಗೆ ಎರಡೂ ಬೇಕಾಗಿದ್ದವು. ಪ್ರತಿ ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ನೆನಪಿಸುವುದು, ಕಾಯಲು ಸಿದ್ಧನಿದ್ದ ಆ ಎರಡನೆಯ ದಾರಿಯ ಪಯಣಿಗನನ್ನು.