ನೊರೆಗೆ ಅಂಜಿದ ಮಠದ ಉಗ್ರಾಣಿ

ಕ್ರಿಸ್ತಜಯಂತಿ ಹಾಗೂ ವಿವಾಹಗಳ ಕಾಲ ಬಂತೆಂದರೆ ಕೊಡಿಗೇಹಳ್ಳಿ, ಹೆಬ್ಬಾಳ, ಯಲಹಂಕದ ಕಥೋಲಿಕ ಕುಟುಂಬಗಳ ಸಮಾರಂಭಗಳಲ್ಲಿ ಕೇಕು ಕತ್ತರಿಸಿದ ಬಳಿಕ ನೊರೆಯುಕ್ಕುವ ದ್ರಾಕ್ಷಾರಸದ ಸೀಸೆಯನ್ನು ತೆರೆದು ಶುಭ ಕೋರುವುದುಂಟು. ಸೀಸೆಯನ್ನು ಕುಲುಕಿ ಬಿರಡೆಯನ್ನು ಚಾವಣಿಗೆ ಹಾರಿಸಿದರೇ ಸಂಭ್ರಮವೆಂದು ನಮ್ಮ ಯುವಕರು ತಿಳಿದಂತಿದೆ. ಈ ದ್ರಾಕ್ಷಾರಸದೊಡನೆ ಲೋಕವು ಬೆಸೆದಿರುವ ಹೆಸರು ಒಬ್ಬ ಸನ್ಯಾಸಿಯದು. ಆದರೆ ಆ ನೊರೆಯನ್ನು ಅವರು ಬಯಸಿದವರಲ್ಲ, ದೋಷವೆಂದೆಣಿಸಿ ತಡೆಯಲು ಶ್ರಮಿಸಿದವರು.

ಪಿಯೇರ್ ಪೆರಿನ್ಯೊನ್ ಅವರು 1638ರಲ್ಲಿ ಫ್ರಾನ್ಸಿನ ಷಾಂಪೇನ್ ಸೀಮೆಯ ಸ್ಯಾಂತ್ ಮೆನೂ ಎಂಬ ಊರಿನಲ್ಲಿ ಜನಿಸಿದರು. ಯೇಸುಸಭೆಯ ವಿದ್ಯಾಲಯದಲ್ಲಿ ಓದಿ, ಎಳೆಯ ವಯಸ್ಸಿನಲ್ಲೇ ವರ್ಡನ್ ನಗರದ ಸಂತ ಬೆನೆಡಿಕ್ಟರ ಸಭೆಯ ಮಠವನ್ನು ಸೇರಿದರು. ಮೈಸೂರು ರಸ್ತೆಯ ಆಶೀರ್ವನಂ ಮಠದಿಂದಾಗಿ ಬೆಂಗಳೂರಿನ ಭಕ್ತರಿಗೆ ಪರಿಚಿತವಾಗಿರುವ ಸಭೆಯೇ ಅದು. 1668ರಲ್ಲಿ ಅವರನ್ನು ಓವಿಲ್ಲೆ ಮಠಕ್ಕೆ ಉಗ್ರಾಣಿಯಾಗಿ ಕಳುಹಿಸಲಾಯಿತು. ಸಂತ ಹೆಲೆನಮ್ಮನವರ ಪವಿತ್ರ ಅವಶೇಷಗಳನ್ನು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದ ಮಠವದು.

ಉಗ್ರಾಣಿಯ ಹುದ್ದೆ ಸಣ್ಣದಲ್ಲ. ಮಠದ ಪಾತ್ರೆಪಗಡಗಳನ್ನೆಲ್ಲ ಬಲಿಪೀಠದ ಪಾತ್ರೆಗಳಷ್ಟೇ ಪೂಜ್ಯವೆಂದು ಕಾಣಬೇಕೆಂಬುದು ಸಂತ ಬೆನೆಡಿಕ್ಟರ ನಿಯಮದ 31ನೆಯ ಅಧ್ಯಾಯದ ವಿಧಿ. ಪೆರಿನ್ಯೊನ್ ಅದನ್ನು ಅಕ್ಷರಶಃ ಪಾಲಿಸಿದರೆನ್ನಬಹುದು. ಬಳ್ಳಿಗಳನ್ನು ಗಿಡ್ಡವಾಗಿ ಸವರಿಸುವುದು, ತಂಪು ಹೊತ್ತಿನಲ್ಲಿ ಕೊಯ್ಯುವುದು, ಬೇರೆ ಬೇರೆ ತೋಟಗಳ ಹಣ್ಣನ್ನು ಹದವರಿತು ಬೆರೆಸುವುದು ಅವರ ಕ್ರಮವಾಗಿತ್ತು. ಸಿಪ್ಪೆಯ ಬಣ್ಣ ಇಳಿಯದಂತೆ ಕಪ್ಪು ದ್ರಾಕ್ಷಿಯನ್ನು ಮೃದುವಾಗಿ ಹಿಂಡಿ ಬಿಳಿಯ ರಸವನ್ನು ತೆಗೆಯುವುದರಲ್ಲಿ ಅವರು ನಿಪುಣರೆನಿಸಿದರು.

ಅವರಿಗೆ ತಲೆನೋವಾದದ್ದು ಆ ಸೀಮೆಯ ಚಳಿ. ಚಳಿಗೆ ಹುಳಿಯುವಿಕೆ ಅರ್ಧದಲ್ಲೇ ನಿಂತುಬಿಡುತ್ತಿತ್ತು. ವಸಂತದ ಬಿಸಿಲಿಗೆ ಸೀಸೆಯೊಳಗೇ ಮತ್ತೆ ಆರಂಭವಾಗುತ್ತಿತ್ತು. ಹೊರಹೋಗಲು ದಾರಿಯಿಲ್ಲದ ಅನಿಲವು ತೆಳುಗಾಜನ್ನು ಸಿಡಿಸುತ್ತಿತ್ತು. ಒಂದು ಸೀಸೆ ಒಡೆದರೆ ಅದರ ಚೂರು ತಗುಲಿ ಪಕ್ಕದ್ದೂ ಒಡೆಯುವುದು. ಮುಂದಿನ ಕಾಲದಲ್ಲಿ ಅಂಥ ನೆಲಮಾಳಿಗೆಗಳ ಕೆಲಸಗಾರರು ಮುಖಕ್ಕೆ ಕಬ್ಬಿಣದ ಕವಚವನ್ನೇ ತೊಡಬೇಕಾಯಿತು. ಕ್ರಿಸ್ಮಸ್ಸಿಗೆಂದು ಮನೆಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯಿಂದ ವೈನ್ ಮಾಡುವ ನಮ್ಮ ತಾಯಂದಿರು ಇದನ್ನು ಗಮನಿಸಬೇಕು: ಗುಳ್ಳೆಯೇಳುವುದು ಪೂರ್ಣ ನಿಲ್ಲುವ ಮುನ್ನ ಸೀಸೆಗೆ ತುಂಬಿ ಬಿರಡೆ ಬಿಗಿದರೆ ಅಡಿಗೆಮನೆಯಲ್ಲೂ ಅದೇ ಅನಾಹುತ.

ಇಂದಿನ ಗಾಜು ದಪ್ಪ. 1844ರಿಂದೀಚೆಗೆ ಬಿರಡೆಯ ಮೇಲೆ ತಂತಿಯ ಕಡಿವಾಣವೂ ಬಂದಿದೆ. ಒಳಗಿನ ಒತ್ತಡ ಮಾತ್ರ ಕಾರಿನ ಚಕ್ರದಲ್ಲಿರುವುದರ ಎರಡು ಮೂರು ಪಟ್ಟು. ಹಾರಿದ ಬಿರಡೆಯ ವೇಗ ಗಂಟೆಗೆ 80 ಕಿಲೋಮೀಟರ್ ಮುಟ್ಟಬಲ್ಲದು. ಕಣ್ಣಿಗೆ ಬಡಿದರೆ ದೃಷ್ಟಿಯೇ ಹೋದೀತು. ಆದುದರಿಂದ ಸೀಸೆಯನ್ನು ಮೊದಲು ಚೆನ್ನಾಗಿ ತಂಪಾಗಿಸಬೇಕು, ಏಕೆಂದರೆ ತಂಪಿನಲ್ಲಿ ಅನಿಲ ರಸದಲ್ಲೇ ಕರಗಿ ನಿಲ್ಲುತ್ತದೆ. ಕುಲುಕಲೇಬಾರದು. ಮೇಲಿನ ಹಾಳೆಯನ್ನು ಸುಲಿದು, ಹೆಬ್ಬೆರಳನ್ನು ಬಿರಡೆಯ ಮೇಲೆ ಒತ್ತಿ ಹಿಡಿದೇ ತಂತಿಯನ್ನು ಸಡಿಲಿಸಬೇಕು. ತಂತಿ ಬಿಚ್ಚಿದ ಮೇಲೆ ಬೆರಳು ತೆಗೆಯುವಂತಿಲ್ಲ. ಬಿರಡೆಗೆ ದಪ್ಪ ವಸ್ತ್ರವೊಂದನ್ನು ಹೊದಿಸಿ, ಜನರಿಲ್ಲದ ಕಡೆಗೆ ಸೀಸೆಯನ್ನು ಓರೆಯಾಗಿ ಹಿಡಿದು, ಬಿರಡೆಯನ್ನು ಅಲುಗಿಸದೆ ಸೀಸೆಯನ್ನೇ ಮೆಲ್ಲನೆ ತಿರುಗಿಸಬೇಕು. ಬಿರಡೆ ತಾನಾಗಿ ಮೇಲೇಳತೊಡಗಿದಾಗ ಎಳೆಯದೆ ಕೆಳಕ್ಕೇ ಒತ್ತಿ ತಡೆದರೆ, ನಿಟ್ಟುಸಿರಿನಂಥ ಸದ್ದಷ್ಟೇ ಕೇಳುವುದು. ತಿರುಪುಮೊಳೆಯಂಥ ಬಿರಡೆ ಕೀಳುವ ಸಲಕರಣೆ ಇದಕ್ಕೆ ಸಲ್ಲದು. ಈ ಕೆಲಸವನ್ನು ಮಕ್ಕಳ ಗುಂಪಿನ ನಡುವೆ ಮಾಡದಿರುವುದು ಲೇಸು.

ಪೆರಿನ್ಯೊನ್ ಅವರೇ ನೊರೆಯ ಷಾಂಪೇನನ್ನು ಕಂಡುಹಿಡಿದರೆಂಬ ಕಥೆ ಹಬ್ಬಿದ್ದು ಬಹಳ ತಡವಾಗಿ. ಫ್ರೆಂಚ್ ಕ್ರಾಂತಿಯಲ್ಲಿ ಮಠ ಮುಚ್ಚಿದ ಬಳಿಕ, ಅಲ್ಲಿನ ಹಿಂದಿನ ಸನ್ಯಾಸಿ ಗ್ರೊಸ್ಸಾರ್ 1821ರಲ್ಲಿ ಬರೆದ ಪತ್ರ ಅದಕ್ಕೆ ಇಂಬುಗೊಟ್ಟಿತು. ಅವರು ಕುರುಡರಾಗಿದ್ದರೆಂಬುದೂ, ನಕ್ಷತ್ರಗಳನ್ನು ಕುರಿತು ಅವರು ಆಡಿದರೆನ್ನುವ ಮಾತೂ ದಂತಕಥೆಗಳೇ. ವಾಸ್ತವವಾಗಿ ಸಕ್ಕರೆ ಬೆರೆಸಿ ದ್ರಾಕ್ಷಾರಸದಲ್ಲಿ ಗುಳ್ಳೆಯೆಬ್ಬಿಸುವ ವಿಧಾನವನ್ನು ಇಂಗ್ಲೆಂಡಿನ ಕ್ರಿಸ್ಟೋಫರ್ ಮೆರೆಟ್ 1662ರಲ್ಲೇ, ಪೆರಿನ್ಯೊನ್ ಓವಿಲ್ಲೆಗೆ ಬರುವ ಆರು ವರ್ಷ ಮೊದಲೇ, ವಿವರಿಸಿದ್ದರು. ಸನ್ಯಾಸಿಯ ಹೆಸರು ಹೊತ್ತ ದುಬಾರಿ ಸೀಸೆ ಮಾರುಕಟ್ಟೆಗೆ ಬಂದದ್ದು 20ನೆಯ ಶತಮಾನದಲ್ಲಿ.

1715ರಲ್ಲಿ ಅವರು ತೀರಿಕೊಂಡರು. ಅವರು ಹುಟ್ಟಿದ ವರ್ಷವೇ ಹುಟ್ಟಿದ್ದ ದೊರೆ ಹದಿನಾಲ್ಕನೆಯ ಲೂಯಿಯೂ ಅದೇ ವರ್ಷ ಅಳಿದನು. ಓವಿಲ್ಲೆಯ ದೇವಾಲಯದಲ್ಲಿ ಪೆರಿನ್ಯೊನ್ ಅವರ ಸಮಾಧಿಯ ಕಲ್ಲು ಈಗಲೂ ಇದೆ. 47 ವರ್ಷ ಉಗ್ರಾಣಿಯಾಗಿ ಮಠದ ಆಸ್ತಿಯನ್ನು ಮೆಚ್ಚುವಂತೆ ನಿರ್ವಹಿಸಿದ್ದನ್ನೂ, ಬಡವರಲ್ಲಿ ಅವರಿಗಿದ್ದ ಪಿತೃವಾತ್ಸಲ್ಯವನ್ನೂ ಅದರ ಲತೀನ್ ಬರಹ ಸ್ಮರಿಸುತ್ತದೆ. ನೊರೆಯ ಪ್ರಸ್ತಾಪ ಅದರಲ್ಲಿಲ್ಲ.